ಕಾಕಾನ ಹಸಿರು ಚಹಾ, ಕಾಕಿಯ ನಾಲಿಗೆ

ನಮ್ಮ ಕಾಕಾನ ಕೈಯ ಚಹಾ ಕುಡಿದೂ ಬದುಕಿ ಉಳಿದವರಲ್ಲಿ ನಾನೂ ಒಬ್ಬಳು! ಹಾಗಂತ ಕುಡಿದು ಸತ್ತವರು ಯಾರೂ ಇಲ್ಲ, ಗಾಬರಿಯಾಗಬೇಡಿ. ಆದರೆ ಲೋಟ ಮುಂದೆ ಬಂದಾಗ ನಮಗೆಲ್ಲ ಒಮ್ಮೆ ಮನೆದೇವರು ನೆನಪಾಗುತ್ತಿದ್ದದ್ದು ಸುಳ್ಳಲ್ಲ.

ಆಗ ನಿಜಾಮನ ರಾಜ್ಯ. ತುರೋರಿಯಲ್ಲಿ ನಮ್ಮದು ಜೋಳ, ತೊಗರಿ ಬೆಳೆಯುವ ಮನೆ. ಚಹಾ ಎಂಬುದನ್ನು ಉಮರ್ಗಾ ಕಚೇರಿಯ ಸಾಹೇಬರು ಕುಡಿಯುತ್ತಾರಂತೆ ಎಂದಷ್ಟೇ ಕೇಳಿದ್ದೆವು. ಅಂಥ ಊರಿನಲ್ಲಿ ನಮ್ಮಪ್ಪನ ತಮ್ಮನಾದ ಈ ಕಾಕಾ ಚಹಾದ ಬೆನ್ನು ಹತ್ತಿದ್ದಕ್ಕೆ ಕಾರಣ ಕಾಕಿಯ ನಾಲಿಗೆ. ಮಳೆಗಾಲದಲ್ಲಿ ಬಂದ ಜ್ವರ, ಹೋಗುವಾಗ ಕಾಕಿಯ ಬಾಯಿರುಚಿಯನ್ನೂ ಗಂಟು ಕಟ್ಟಿಕೊಂಡು ಹೋಗಿತ್ತು. ಉಪ್ಪಿಲ್ಲ, ಖಾರವಿಲ್ಲ, ಹುಳಿಯಿಲ್ಲ! ಹಾಗೆಂದರೆ ಹೇಗಿರುತ್ತದೆ? ನನಗೋ ತಡೆಯಲಾರದ ಕುತೂಹಲ. ಕಣ್ಣು ಮುಚ್ಚಿ, ಮೂಗು ಹಿಡಿದು ರೊಟ್ಟಿ ಅಗಿದು ನೋಡಿದೆ. ಚೆನ್ನಾಗಿಯೇ ಇತ್ತು, ಇನ್ನೊಂದು ತಿಂದೆ.

“ಕಾಕಿ, ಖರೇನೇ ಏನೂ ತಿಳಿಯಂಗಿಲ್ಲೇನು?”

“ಬಿಸಿ ಅದ ಅಂತ ತಿಳಿತದವ್ವ. ಮುಂದ ಏನೂ ಇಲ್ಲ.”

ಏನೂ ಇಲ್ಲದ ಮೇಲೆ ಉಣ್ಣುವುದಾದರೂ ಯಾಕೆ? ಕಾಕಿಯ ಊಟ ಅರ್ಧ ರೊಟ್ಟಿಗೆ ಇಳಿಯಿತು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಹಕೀಮರು ಪುಡಿ ಕೊಟ್ಟರು, ಅಯ್ಯನವರು ವಿಭೂತಿ ಕೊಟ್ಟರು. ಹೀಗೇ ಆದರೆ ಹೆಂಡತಿ ಉಳಿಯುವುದಿಲ್ಲ ಎಂದು ಕಾಕಾ ಕಂಗಾಲಾದ. ಆಗಲೇ ಉದಗೀರದ ಬಜಾರಿನಲ್ಲಿ ಇಂಗು, ಬದಾಮಿ ಮಾರುವ ಕಾಬೂಲಿ ಪಠಾಣನೊಬ್ಬ ಹಸಿರು ಚಹಾದ ಎಲೆ ತೋರಿಸಿ, ಇದರಲ್ಲಿ ಹಣ್ಣು, ಸೊಪ್ಪು ಕೂಡಿಸಿ ಕುದಿಸಿದರೆ ಸತ್ತ ನಾಲಿಗೆಯೂ ಎದ್ದು ಕೂರುತ್ತದೆ ಎಂದನಂತೆ. ಯಾವ ಹಣ್ಣು? ಯಾವ ಸೊಪ್ಪು? ಅದನ್ನು ಅವನು ಹೇಳಲಿಲ್ಲ, ನಮ್ಮ ಪುಣ್ಯಾತ್ಮ ಕೇಳಲೂ ಇಲ್ಲ!

ಎಲೆ ಇಂಗಿನ ಚೀಲದಲ್ಲೇ ಕೂತು ಬಂದಿತ್ತು. ಮೊದಲ ಚಹಾ ಬಾಯಿಗಿಟ್ಟ ಅವ್ವ, “ತಮ್ಮಾ, ಇದಕ್ಕೊಂದಿಷ್ಟ ಬ್ಯಾಳಿ ಹಾಕಿದ್ರ ಸಾರಾದ್ರೂ ಆಗ್ತದಲ್ಲೋ!” ಎಂದಳು. ಕಾಕಾ ಅವಳ ಕೈಯ ಲೋಟ ಕಸಿದುಕೊಂಡು ಹಿತ್ತಲಿಗೆ ನಡೆದುಬಿಟ್ಟ. ತನ್ನ ಚಹಾದಲ್ಲಿ ಯಾರಾದರೂ ಕೊಂಕು ತೆಗೆದರೆ ಅವನಿಗೆ ಅಷ್ಟು ಸಿಟ್ಟು.

ಮರುದಿನ ಬಾರಿಹಣ್ಣು, ತುಳಸಿ. ಅದರ ಮರುದಿನ ನೆಲ್ಲಿಕಾಯಿ, ಪುದೀನ. ಸೀತಾಫಲ ಹಾಕಿದ ದಿನ ಲೋಟ ಬೋರಲು ಹಾಕಿದರೂ ಚಹಾ ಕೆಳಗಿಳಿಯಲಿಲ್ಲ! ಮೊದಲು ನಮ್ಮ ಬಾಯಿ, ಆಮೇಲೆ ಕಾಕಿಯ ಬಾಯಿ. ಇವತ್ತು ಏನು ಹಾಕಿದ್ದಾನೋ ಎಂದು ನಾನು ಮಾತ್ರ ದಿನಾ ಮುಂದೆ ಹೋಗಿ ಕೂರುತ್ತಿದ್ದೆ. ಕಾಕಿ ಗುಟುಕರಿಸಿ, “ಬಿಸಿ ಅದ” ಎನ್ನುತ್ತಿದ್ದಳು.

ಒಮ್ಮೆ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ತರುಬಿದ್ದ, ಬೀರಪ್ಪನ ಭಕ್ತನಾದ ಕುರುಬನೊಬ್ಬನಿಗೂ ಕಾಕಾ ಕುಡಿಸಿದ. ಆತ ಗಂಭೀರವಾಗಿ ತಲೆಯಾಡಿಸಿದ.

“ಗೌಡ್ರ, ಕುರಿ ಹೊಟ್ಟಿ ಉಬ್ಬಿದಾಗ ನಾವೂ ಇಂಥಾದ್ದೇ ಕುಡಿಸ್ತೀವ್ರೀ.”

“ಹೌದೇನು! ಕುಡಿಸಿದ ಮ್ಯಾಲ?”

“ಕೆಲವು ಉಳೀತಾವ್ರೀ.”

ಕಡೆಗೊಂದು ದಿನ ಕಾಕಿಯೇ ಲೋಟ ದೂಡಿದಳು. “ಸಾಕ್ರೀ. ನನ್ನ ನಾಲಿಗಿ ಸತ್ತದ. ನಿಮಗ ಕೈ ಮುಗಿತೀನಿ, ಬಿಟ್ಟುಬಿಡ್ರಿ.” ಆ ದಿನ ಕಾಕಾನೂ ಉಣ್ಣಲಿಲ್ಲ.

ಆದರೆ ಸುಮ್ಮನಿರುವ ಪೈಕಿಯೇ ಅವನು? ಮರುದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಲಿಂಗದ ಮೇಲೆ ಏರಿಸಿದ್ದ ಬಿಲ್ವಪತ್ರೆಯನ್ನಷ್ಟೂ ತಂದು ಚಹಾದ ಪಾತ್ರೆಗೆ ಸುರಿದ. ಇನ್ನು ಅದು ಚಹಾ ಅಲ್ಲ, ಪ್ರಸಾದ! ನಮ್ಮ ಲಿಂಗವಂತರ ಮನೆಗಳಲ್ಲಿ ಪ್ರಸಾದ ಬೇಡ ಎನ್ನುವಂತಿಲ್ಲ, ಹನಿ ಚೆಲ್ಲುವಂತಿಲ್ಲ. ಕುಡಿದ ಲೋಟ ತೊಳೆದು ಆ ನೀರನ್ನೂ ಕುಡಿಯಬೇಕು. ಕಾಕಿ ಹೇಗೆ ತಪ್ಪಿಸಿಕೊಳ್ಳುತ್ತಾಳೆ ನೋಡೋಣ ಎಂದು ಮೀಸೆಯಲ್ಲೇ ನಕ್ಕ.

ಅಷ್ಟರಲ್ಲಿ ನಿಲಂಗಾದಿಂದ ಬೀಗರ ಬಂಡಿ ಬಂತು, ನನ್ನನ್ನು ನೋಡಲು! ಗಡಿಬಿಡಿಯಲ್ಲಿ ಪಾತ್ರೆ ಒಲೆಯ ಮೇಲೇ ಉಳಿಯಿತು. ಎಲೆ, ಪತ್ರೆ ಎಲ್ಲ ಮಧ್ಯಾಹ್ನದವರೆಗೆ ಕುದ್ದು ಕುದ್ದು ಕಪ್ಪಗಾದವು. ಕಾಕಾ ಅದನ್ನೇ ಲೋಟಗಳಿಗೆ ಸುರಿದು, “ಪ್ರಸಾದ ಅದ್ರೀ” ಎಂದು ಬೀಗರ ಮುಂದೆಯೂ ಹಿಡಿದ. ಅವರು ಕಣ್ಣಿಗೊತ್ತಿಕೊಂಡು ಕುಡಿದರು. ನನ್ನ ಮಾವನಾಗುವವರು ಕಣ್ಣಲ್ಲಿ ನೀರು ತುಂಬಿಕೊಂಡು, “ಛಾನ್… ಛಾನ್ ಆಹೆ” ಎಂದು ಮರಾಠಿಯಲ್ಲಿ ಹೊಗಳಿದರು. ಅತ್ತೆಯಾಗುವವರು ಲೋಟಕ್ಕೆ ನೀರು ಹಾಕಿಕೊಂಡು ಅದನ್ನೂ ಮುಗಿಸಿದರು! ಇಂಥ ಗಟ್ಟಿಗರ ಮನೆ ಸೇರುವುದೇ ಕ್ಷೇಮ ಎಂದು ನಾನು ಅಲ್ಲೇ ನಿರ್ಧರಿಸಿಬಿಟ್ಟೆ.

ಕೊನೆಯ ಲೋಟ ಅಡುಗೆಮನೆಗೆ, ಕಾಕಿಗೆ. ಪ್ರಸಾದವೆಂದ ಮೇಲೆ ಆಕೆ ಎರಡೂ ಕೈಯಲ್ಲಿ ಎತ್ತಿದಳು. ಒಂದು ಗುಟುಕು.

“ಥೂ! ಥೂ! ಶಿವನೇ, ಏನ್ ಕಹಿ ಇದು! ಮನಷ್ಯಾರು ಕುಡಿಯೋದೇನ್ರೀ ಇದು?”

ಬಾಗಿಲಾಚೆ ಬೀಗರು ಕೂತಿದ್ದಾರೆ! ಪ್ರಸಾದದ ಒಂದು ಅಗುಳನ್ನೂ ಬಿಟ್ಟವಳಲ್ಲ, ಉಗುಳಿಬಿಟ್ಟಿದ್ದಾಳೆ! ಅವ್ವ ಬಾಯಿಗೆ ಸೆರಗು ಹಿಡಿದಳು. ಕಾಕಾನ ಸಿಟ್ಟು ಗೊತ್ತಿದ್ದ ನಾನು ಗೋಡೆಗೆ ಸರಿದು ನಿಂತೆ.

“ಏನಂದಿ?” ಕಾಕಾ ಅವಳ ಮುಂದೆ ಬಂದು ನಿಂತ. “ಇನ್ನೊಮ್ಮಿ ಅನ್ನು.”

“ಕಹಿ ಅದ ಅಂದ್ನಿ…” ಎಂದ ಕಾಕಿ, ತಾನು ಏನಂದೆ ಎಂದು ಆಗ ತಿಳಿದು, ತುಟಿಯನ್ನು ಮತ್ತೊಮ್ಮೆ ನೆಕ್ಕಿ ನೋಡಿಕೊಂಡಳು.

ಕಾಕಾ ಒಲೆಯ ಮುಂದೆ ಕುಸಿದು ಕೂತು, ಬೀಗರಿದ್ದಾರೆ ಎನ್ನುವುದನ್ನೂ ಮರೆತು, ಗಟ್ಟಿಯಾಗಿ ಅತ್ತ. ನನಗೂ ಅಳು ತಡೆಯಲಿಲ್ಲ. ಕಾಕಿ ಕಣ್ಣೊರೆಸಿಕೊಂಡು ಅವನ ಪಕ್ಕದಲ್ಲಿ ಕೂತು, ಲೋಟ ಮುಂದೆ ಚಾಚಿದಳು.

“ಇನ್ನೊಂದಿಷ್ಟ ಹಾಕ್ರಿ.”