ಅಕ್ಕನಿಗೆ ಕಳಿಸಿದ ಹೂಗುಚ್ಛದ ಬಾಬ್ತು

ಅದೇ ದಿನ ಹೂ ತಲುಪಿಸುವ ಸಂಸ್ಥೆಯ ವ್ಯವಸ್ಥಾಪಕರ ಸನ್ನಿಧಿಗೆ,

ಮಾನ್ಯರೇ,

ಬೆಳಗ್ಗೆ ಹೇಳಿದರೆ ಸಂಜೆಯೊಳಗೆ ಯಾವ ಊರಿನ ಯಾವ ಬಾಗಿಲಿಗಾದರೂ ಹೂ ಮುಟ್ಟಿಸುವ ತಮ್ಮ ಸಂಸ್ಥೆಗೂ, ಅದರ ಗೋದಾಮಿಗೂ, ದೂರು ಹೇಳಲು ಫೋನ್ ಮಾಡಿದವರಿಗೆ ನಲವತ್ತು ನಿಮಿಷ ಕೊಳಲು ಕೇಳಿಸುವ ಆ ಯಂತ್ರಕ್ಕೂ ನನ್ನ ಅನಂತ ವಂದನೆಗಳು. ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಈ ಬಡಪಾಯಿ ಗಿರಾಕಿಯ ಅಹವಾಲನ್ನು ತಾವು ಬಿಡುವು ಮಾಡಿಕೊಂಡು ಓದಬೇಕು. ತಮ್ಮ ಕೃಪೆಯಿಂದ ನನ್ನದೆಂಬ ಗುಟ್ಟು ಯಾವುದೂ ಉಳಿದಿಲ್ಲವಾದ್ದರಿಂದ ಲಕೋಟೆಯ ಹಂಗಿಲ್ಲದೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಆರು ವರ್ಷದ ಹಿಂದಿನ ಮಾತು. ಅಕ್ಕನ ಮಗಳ ಮದುವೆಗೆ ಅಕ್ಕ ಎರಡು ದಿನ ನಿಂತ ಕಾಲಲ್ಲೇ ಮೂರಂತಸ್ತಿನ ಕೇಕ್ ಮಾಡಿದ್ದಳು. ಕತ್ತರಿಸುವಾಗ ಚಾಕು ಒಂದು ಗಳಿಗೆ ತಡೆಯಿತು. ಅಷ್ಟೇ ಸಾಕಾಯಿತು ನನಗೆ. ನೆರೆದವರೆಲ್ಲರ ಮುಂದೆ, "ಇದನ್ನ ಹಳೇ ಸೇತುವೆ ಕಂಬದ ಬುಡಕ್ಕೆ ಇಟ್ಟರೆ ಇನ್ನೂ ಮುನ್ನೂರು ವರ್ಷ ಅಲ್ಲಾಡಲ್ಲ" ಎಂದುಬಿಟ್ಟೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಮಾತ್ರ ಚಾಕು ಕೆಳಗಿಟ್ಟು, "ಎಲ್ಲರ ಮುಂದೆ ಅಂದಿದ್ದೀಯ, ಎಲ್ಲರ ಮುಂದೆ ತಪ್ಪಾಯ್ತು ಅನ್ನು, ಅಲ್ಲೀವರೆಗೆ ನನ್ನ ಬಾಗಿಲು ತುಳೀಬೇಡ" ಎಂದಳು. ನಾನು ಅನ್ನಲಿಲ್ಲ, ತುಳಿಯಲೂ ಇಲ್ಲ. ಅಂದಿನಿಂದ ನಮ್ಮಿಬ್ಬರ ನಡುವೆ ಸುದ್ದಿ ಸಾಗಿಸುವ ಕೆಲಸ ಭಾವನದಾಗಿದೆ.

ಮೊನ್ನೆ ಬೆಳಗ್ಗೆ ಭಾವನೇ ಫೋನ್ ಮಾಡಿ, "ನದಿ ಮೆಟ್ಟಿಲ ಹತ್ರ ಕೇಕಿನ ಅಂಗಡಿ ಹಾಕಿದ್ದಾಳೆ, ಇವತ್ತೇ ಬಾಗಿಲು ತೆಗೀತಾಳೆ, ಏನ್ ಮಾಡ್ತೀಯೋ ನೋಡು" ಎಂದ. ಅಕ್ಕನಿರುವ ಆ ಪುರಾತನ ಊರಿಗೆ ಇಲ್ಲಿಂದ ರೈಲಿನಲ್ಲಿ ಪೂರ್ತಿ ಒಂದು ಹಗಲಿನ ದಾರಿ, ಹೋದರೂ ಅವಳೆದುರು ನಿಲ್ಲುವ ಧೈರ್ಯ ನನಗಿರಲಿಲ್ಲ. ಈ ದಿನವೂ ಸುಮ್ಮನಿದ್ದರೆ ಅಕ್ಕ ಇನ್ನು ನನ್ನ ಪಾಲಿಗಿಲ್ಲವೆಂದು ಮಾತ್ರ ಖಾತ್ರಿಯಾಗಿ ಗೊತ್ತಿತ್ತು. ಆಗ ಕಣ್ಣಿಗೆ ಬಿದ್ದದ್ದು ತಮ್ಮ ಜಾಹೀರಾತು. ಹೂ ತಾನಾಗಿ ಹೋಗುತ್ತದೆ, ತಪ್ಪೊಪ್ಪಿಗೆ ಅಂಟಿಸಿದ ಲಕೋಟೆಯೊಳಗೆ ಇರುತ್ತದೆ, ನಾಲ್ಕು ಜನರ ಮುಂದೆ ತಲೆ ತಗ್ಗಿಸುವ ಪ್ರಮೇಯವೇ ಇಲ್ಲ ಎಂದು ಹಿಗ್ಗಿದೆ.

ನನ್ನ ಪಾಲಿನ ತಪ್ಪನ್ನು ಮುಚ್ಚಿಡುವುದಿಲ್ಲ. ಪಡೆಯುವವರ ಹೆಸರು ಎಂದು ಕೇಳಿದ ಕಡೆ ನಾನು ‘ಅಕ್ಕ’ ಎಂದು ತುಂಬಿದೆ. ಮಾತು ಕಲಿತಾಗಿನಿಂದ ಕರೆದ ಹೆಸರು ಅದೊಂದೇ ಆದ್ದರಿಂದ, ಅವಳಿಗೆ ದಾಖಲೆಯಲ್ಲಿ ಇನ್ನೊಂದು ಇದೆಯೆಂಬುದು ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. ವಿಳಾಸ: ನದಿ ಮೆಟ್ಟಿಲ ಹತ್ತಿರ, ಹಳೇ ಊರು. ನನ್ನ ಫೋನ್ ನಂಬರಿನ ನಡುವೆ ಜಾಗ ಬಿಟ್ಟಿದ್ದಕ್ಕೆ ಮೂರು ಸಲ ಗದರಿದ ತಮ್ಮ ಯಂತ್ರ, ಇದನ್ನು ಮಾತ್ರ ಕಣ್ಣುಮುಚ್ಚಿ ಒಪ್ಪಿಕೊಂಡಿತು.

ಆ ಊರಿನ ಓಣಿಗಳಲ್ಲಿ ಗಾಡಿ ಓಡುವುದಿಲ್ಲವಾದ್ದರಿಂದ ತಾವು ಹೂವನ್ನು ದೋಣಿಯವನ ಕೈಗೆ ಕೊಡುತ್ತೀರೆಂದು ನನಗೆ ತಿಳಿದದ್ದು ಆಮೇಲೆ, ಭಾವನ ಬಾಯಿಂದ. ಆ ಮಹಾನುಭಾವ ಮೆಟ್ಟಿಲಿಗೆ ದೋಣಿ ತಾಗಿಸಿ, "ಅಕ್ಕಾ, ಹೂ ಬಂದಿದೆ" ಎಂದು ಕೂಗಿದ್ದಾನೆ. ತರಕಾರಿಯವಳು, ಶಾಲೆಯ ಟೀಚರು, ಬಟ್ಟೆ ಒಗೆಯುತ್ತಿದ್ದವರು ಎಲ್ಲ ಸೇರಿ ಹನ್ನೊಂದು ಜನ ಹೆಂಗಸರು ತಿರುಗಿ ನೋಡಿದ್ದಾರೆ. ಯಾವ ಅಕ್ಕನೆಂದು ಗೊತ್ತುಮಾಡಿಕೊಳ್ಳದೆ ಹೂ ಕೊಡುವುದು ಅಧರ್ಮವೆಂದು ಬಗೆದ ಅವನು ಲಕೋಟೆ ಒಡೆದು, ಆಚೆ ದಡಕ್ಕೂ ಕೇಳುವಂತೆ ಓದಿದ್ದಾನೆ: "ಅಕ್ಕ, ಆ ದಿನದ ಕೇಕ್ ಚೆನ್ನಾಗಿತ್ತು. ನಾಲ್ಕು ತುಂಡು ತಿಂದೆ, ಇನ್ನೊಂದನ್ನು ಕೋಟಿನ ಜೇಬಿನಲ್ಲಿ ಮನೆಗೆ ತಂದೆ. ಎಲ್ಲರೂ ನಿನ್ನನ್ನೇ ಹೊಗಳುತ್ತಿದ್ದರು, ನನಗೆ ಹೊಟ್ಟೆಕಿಚ್ಚಾಯಿತು. ತಪ್ಪಾಯಿತು."

ಮೆಟ್ಟಿಲ ತುಂಬ ಜನ ಸೇರಿತಂತೆ. ಕೈಗೆ ಹಿಟ್ಟು ಮೆತ್ತಿಕೊಂಡಿದ್ದ ಒಬ್ಬ ಹೆಂಗಸು ಹಿಂದಿನಿಂದ, "ಇಲ್ಲಿರೋರಿಗೆ ಕೇಳಿಸ್ಲಿಲ್ಲ, ಇನ್ನೊಂದ್ಸಲ ಓದಪ್ಪ" ಎಂದಳಂತೆ. ಅವನು ಓದಿದನಂತೆ. ಅಷ್ಟರಲ್ಲಿ ತರಕಾರಿಯವಳು, "ನನ್ನ ತಮ್ಮನೂ ಇಂಥವನೇ, ಅವನದೇ ಇರಬೇಕು" ಎಂದು ಕಣ್ಣೊರೆಸಿಕೊಂಡು ಹೂಗುಚ್ಛವನ್ನು ಹೊತ್ತುಕೊಂಡು ಹೋದಳಂತೆ.

ಇಂಥ ಕಂಠವನ್ನು ಹೂ ಸಾಗಿಸಲು ಇಟ್ಟುಕೊಂಡಿರುವ ತಮ್ಮ ಔದಾರ್ಯವನ್ನು ಎಷ್ಟು ಹೊಗಳಿದರೂ ಕಡಿಮೆ. ನನ್ನ ಕೋರಿಕೆ ಚಿಕ್ಕದು. ಅಲ್ಲಿ ನೆರೆದಿದ್ದ ಅಷ್ಟೂ ಮಂದಿಯ ಮನೆಗೆ ಹೋಗಿ, ನನ್ನ ತಪ್ಪೊಪ್ಪಿಗೆಯನ್ನು ಅವರ ಕಿವಿಯಿಂದ ವಾಪಸು ಪಡೆದು, ಹೊಸ ಲಕೋಟೆಯಲ್ಲಿ ಅಂಟಿಸಿ, ಅದೇ ದಿನ ಅಕ್ಕನಿಗೆ ಗುಟ್ಟಾಗಿ ತಲುಪಿಸಬೇಕು.

ಸಂಜೆ ತಾವು ‘ಅಕ್ಕನವರಿಗೆ ತಲುಪಿದೆ’ ಎಂಬ ಒಕ್ಕಣೆಯೊಂದಿಗೆ ಫೋಟೋ ಕಳಿಸಿದಿರಿ. ಅದರಲ್ಲಿ ಹೂ ಹಿಡಿದು ನಿಂತಿದ್ದವಳು ತರಕಾರಿಯವಳು. ಮೂಲೆಯಲ್ಲಿ ಬೆರಳಗಲದಷ್ಟು ಇನ್ನೊಬ್ಬಳಿದ್ದಳು. ಅಂಗಡಿಯ ಭೂತಕನ್ನಡಿ ಹಿಡಿದು ನೋಡಿದೆ. ಕೂದಲು ಪೂರ್ತಿ ನರೆತಿತ್ತು. ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಆರು ವರ್ಷ ಅವಳ ಮುಖ ನೋಡದೆ ಹೇಗಿದ್ದೆನೋ ನನಗೇ ತಿಳಿಯಲಿಲ್ಲ, ಗಿರಾಕಿಗಳು ಕೂತಿದ್ದಾಗಲೇ ಅತ್ತುಬಿಟ್ಟೆ. ಮುಂದಿನ ಸಲ ಫೋಟೋ ತೆಗೆಯುವವರು ದಯಮಾಡಿ ಎರಡು ಹೆಜ್ಜೆ ಬಲಕ್ಕೆ ಸರಿಯಬೇಕು.

ಸ್ವಲ್ಪ ಹೊತ್ತಿಗೆ ಫೋನ್ ಬಂತು. ಹಲೋ ಇಲ್ಲ, ಏನಿಲ್ಲ. "ಐದು ತುಂಡೇನೋ, ಕಳ್ಳಾ" ಎಂದಳು. "ಹೂಂ" ಎಂದೆ. "ಭಾನುವಾರ ಬಾ. ಹೂವು ನೀನೇ ಕೈಯಲ್ಲಿ ಹಿಡ್ಕೊಂಡು ಬಾ, ಅವರನ್ನ ನಂಬಬೇಡ" ಎಂದು ಇಟ್ಟಳು.

ಆದಕಾರಣ ತಮ್ಮ ಸಂಸ್ಥೆಯ ಸೇವೆ ನನಗೆ ಇನ್ನು ಬೇಕಾಗುವುದಿಲ್ಲವೆಂದು ಅತ್ಯಂತ ಸಂತೋಷದಿಂದ ತಿಳಿಸುತ್ತಾ,

ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವನು

ತಾ.ಕ.: ಈ ಸೇವೆಯನ್ನು ಆಪ್ತರಿಗೆ ಶಿಫಾರಸು ಮಾಡುವಿರಾ ಎಂದು ಕೇಳಿದ್ದೀರಿ. ಆಗಲೇ ಮಾಡಿದ್ದೇನೆ. ಪಕ್ಕದ ಚಪ್ಪಲಿ ಅಂಗಡಿಯವನು ಅದೇ ಊರಿನಲ್ಲಿರುವ ತನ್ನ ಅಣ್ಣನ ಜೊತೆ ಮಾತು ಬಿಟ್ಟು ಒಂಬತ್ತು ವರ್ಷವಾಯಿತು. ನಾಳೆ ಹೂ ಕಳಿಸುತ್ತಿದ್ದಾನೆ, ಹೆಸರಿನ ಜಾಗದಲ್ಲಿ ‘ಅಣ್ಣ’ ಎಂದು ನಾನೇ ತುಂಬಿಸಿದ್ದೇನೆ. ಹೂ ಬಾಡಿದ್ದರೂ ಪರವಾಗಿಲ್ಲ, ದೋಣಿಯವನನ್ನು ಮಾತ್ರ ಬದಲಾಯಿಸಬೇಡಿ.