ಸರಪಳಿ ಎಳೆದವರು ಯಾರು

ನಮ್ಮ ದೇಶದ ರೈಲುಗಳ ಬಗ್ಗೆ ಯಾರು ಏನೇ ಕೇಳಲಿ, ನಾನು ಹೇಳಬಲ್ಲೆ. ಯಾವ ಪ್ಯಾಸೆಂಜರ್ ಗಾಡಿ ಯಾವ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಟ್ಟು ನಿಲ್ಲುತ್ತದೆ, ಜಮ್ಮುವಿನಿಂದ ಕನ್ಯಾಕುಮಾರಿಗೆ ಹೋಗುವವರು ಎಲ್ಲೆಲ್ಲಿ ಊಟ ಮಾಡಬಹುದು, ಯಾವ ಊರಲ್ಲಿ ಮೀಟರ್‌ಗೇಜು ಹೋಗಿ ಬ್ರಾಡ್‌ಗೇಜು ಬಂತು, ಎಲ್ಲ ಬಾಯಿಪಾಠ. ಪುಣೆಯ ಕೊಂಢವಾ ಬಡಾವಣೆಯಲ್ಲಿರುವ ನಮ್ಮ ಮನೆಯ ಗೋಡೆಯಲ್ಲಿ ದೇವರ ಪಟಕ್ಕಿಂತ ದೊಡ್ಡ ರೈಲ್ವೆ ನಕಾಶೆಯಿದೆ. ಆದರೆ ನಿಜ ಹೇಳಿಬಿಡುತ್ತೇನೆ, ರೈಲು ಹತ್ತುವುದೆಂದರೆ ನನಗೆ ಜೀವಭಯ. ನಕಾಶೆಯ ರೈಲು ಯಾರನ್ನೂ ಬಿಟ್ಟು ಹೋಗುವುದಿಲ್ಲ, ನಿಲ್ದಾಣದ್ದು ಹೋಗುತ್ತದೆ.

ಹೋದ ವರ್ಷ ಹೆಂಡತಿಯ ತಂಗಿಯ ಮಗಳ ಮದುವೆಗೆಂದು ನಾವಿಬ್ಬರೂ ಧಾರವಾಡಕ್ಕೆ ಹೊರಟೆವು. ಹೆಂಡತಿ ಸುಮಿತ್ರೆಯನ್ನು ಎರಡು ತಾಸು ಮೊದಲೇ ಪುಣೆ ನಿಲ್ದಾಣಕ್ಕೆ ಎಳೆದೊಯ್ದಿದ್ದೆ. ಗಾಡಿ ಬಂತು, ಸೀಟು ಸಿಕ್ಕಿತು, ಚೀಲಗಳನ್ನು ಮುಟ್ಟಿ ಮುಟ್ಟಿ ನೋಡಿದ್ದಾಯಿತು. ಆಗ ಸುಮಿತ್ರೆ ಎದ್ದಳು. "ನೀರಿನ ಬಾಟ್ಲಿ ಮನ್ಯಾಗ ಉಳೀತ್ರಿ. ಒಂದು ತೊಗೊಂಡು ಬರ್ತೀನಿ."

"ಗಾಡಿ ಬಿಡ್ತದ," ಎಂದೆ.

"ಇನ್ನೂ ಹತ್ತು ಮಿನಿಟ್ ಅದ. ನೀವು ಸಾಮಾನು ಕಾಯ್ರಿ."

ಮೊಣಕಾಲು ನೋವಿನವಳು, ಮೊಬೈಲನ್ನೂ ಸೀಟಿನ ಮೇಲೇ ಬಿಟ್ಟು ಇಳಿದು ಹೋದಳು. ಹತ್ತು ನಿಮಿಷ ಕಳೆಯಿತು, ಅವಳು ಬರಲಿಲ್ಲ. ಗಾಡಿ ಮೆಲ್ಲಗೆ ಅಲುಗಿತು.

ಕಿಟಕಿಯಾಚೆ ಅಂಗಡಿ, ಕಂಬ, ಜನ ಎಲ್ಲ ಹಿಂದೆ ಸರಿಯತೊಡಗಿದವು. ಅವಳು ಆ ಕಾಲಿನಲ್ಲಿ ಓಡಿಬಂದು, ಬಾಗಿಲ ಹಿಡಿಕೆಗೆ ಕೈ ಹಾಕಿ ಜಾರಿದರೆ? ಎದ್ದು ಅಪಾಯದ ಸರಪಳಿ ಹಿಡಿದೆ. ಹಿಡಿದವನ ಕಣ್ಣು ಪಕ್ಕದ ಫಲಕದ ಮೇಲೆ ಬಿತ್ತು. ತಕ್ಕ ಕಾರಣವಿಲ್ಲದೆ ಎಳೆದವರಿಗೆ ದಂಡ, ಸೆರೆವಾಸ. ಹೆಂಡತಿ ತಕ್ಕ ಕಾರಣವೇ? ಜೀವಮಾನವೆಲ್ಲ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು ನಾನು. ಬರೆದದ್ದನ್ನು ಪೂರ್ತಿ ಓದದೆ ನನಗೆ ಕೈ ಆಡುವುದಿಲ್ಲ.

ಎದುರು ಸೀಟಿನ ಹೆಂಗಸು ತಡೆಯಲಾರದೆ, "ಹೆಂಡ್ತಿ ಕೆಳಗ ಉಳದಾರ, ನೀವು ಓದಕೋತ ನಿಂತೀರಲ್ರೀ," ಎಂದರು. ನನ್ನ ಕೈ ಸರಪಳಿಯ ಮೇಲಿತ್ತೇ ಹೊರತು ಕೆಳಗೆ ಬರಲಿಲ್ಲ. ಅವರು ಎದ್ದು ನನ್ನ ಕೈ ಸರಿಸಿ, ಸರಪಳಿಯನ್ನು ಜಗ್ಗಿದರು. ಗಾಡಿ ನಿಂತಿತು.

ಅಷ್ಟರಲ್ಲಿ ಹಿಂದಿನ ಡಬ್ಬಿಯ ಕಡೆಯಿಂದ ಸುಮಿತ್ರೆ ಬಾಟಲಿ ಹಿಡಿದು ನಡೆದುಬಂದಳು. ಗಾಡಿ ಹೊರಡುವ ಮೊದಲೇ ಸಿಕ್ಕ ಬಾಗಿಲಲ್ಲಿ ಹತ್ತಿದ್ದಳಂತೆ. ನಾನು ಸೀಟಿನ ಮೇಲೆ ಕೂತುಬಿಟ್ಟೆ. ಅವಳ ಬೆನ್ನಿಗೇ ಬಂದ ರೈಲ್ವೆ ಪೊಲೀಸ, ಸರಪಳಿ ಎಳೆದವರು ಯಾರೆಂದು ಮರಾಠಿಯಲ್ಲಿ ಗದರಿದ.

ಸುಮಿತ್ರೆ ನನ್ನತ್ತ ತಿರುಗಿ, "ನನ್ನ ಸಲುವಾಗಿ ನೀವು ಎಳದ್ರೇನ್ರಿ?" ಎಂದಳು, ಬಹಳ ಮೆತ್ತಗೆ. ಮದುವೆಯಾದಂದಿನಿಂದ ಅವಳು ನನ್ನನ್ನು ಹಾಗೆ ನೋಡಿದ ನೆನಪಿಲ್ಲ. ಎದುರಿನ ಹೆಂಗಸು ಬಾಯಿ ತೆರೆಯುವ ಮೊದಲೇ, "ಹೌದು, ನಾನೇ," ಎಂದುಬಿಟ್ಟೆ. ದಂಡದ ಕಾಗದಕ್ಕೆ ಸಹಿಯನ್ನೂ ಹಾಕಿದೆ. ಆ ಹೆಂಗಸು ಕಿಟಕಿಯಾಚೆ ನೋಡುತ್ತ ಶೇಂಗಾ ತಿಂದರು.

ಮದುವೆಮನೆಯಲ್ಲಿ ನನ್ನ ಶೌರ್ಯದ ಸುದ್ದಿ ಪಂಕ್ತಿಯಿಂದ ಪಂಕ್ತಿಗೆ ಹೋಯಿತು. ನಾನೂ ಅದನ್ನು ಅರ್ಧ ನಂಬಿಕೊಂಡಿದ್ದೆ. ಆದರೆ ದಾರಿಯುದ್ದಕ್ಕೂ ಸೀರೆ, ಉಪ್ಪಿನಕಾಯಿ ಮಾತಾಡಿದ ಸುಮಿತ್ರೆಯೂ ಆ ಎದುರು ಸೀಟಿನ ಹೆಂಗಸೂ ಗೆಳತಿಯರಾಗಿಬಿಟ್ಟಿದ್ದಾರೆ. ಬರುವ ಭಾನುವಾರ ಆ ಹೆಂಗಸು ನಮ್ಮ ಮನೆಗೆ ಊಟಕ್ಕೆ ಬರುತ್ತಾರಂತೆ. "ಅವತ್ತ ನೀವು ಹೆಂಗ ಎಳದ್ರಿ ಅನ್ನೋದನ್ನ ಅವರ ಬಾಯಿಂದನ ಕೇಳಬೇಕ್ರಿ," ಎಂದು ಸುಮಿತ್ರೆ ಹೋಳಿಗೆಗೆ ಬೇಳೆ ತಂದಿಟ್ಟಿದ್ದಾಳೆ. ಭಾನುವಾರ ನನಗೆ ಶಿರೂರಿನಲ್ಲಿ ತುರ್ತು ಕೆಲಸವಿದೆ ಎಂದೆ. ಏನು ಕೆಲಸ ಎಂದು ಕೇಳಿದಳು. ಅದನ್ನೇ ಯೋಚಿಸುತ್ತಿದ್ದೇನೆ.