ಬುಡೋ ಕೈ ಅಲ್ಲ ಕಣಮ್ಮ

ನನ್ನ ಷಡ್ಡಕನಷ್ಟು ಕೈ ಬಿಗಿ ಮನುಷ್ಯ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲೂಕು ಜಾಲಾಡಿದರೂ ಸಿಕ್ಕುವುದಿಲ್ಲ. ಜಿಪುಣ ಎಂದುಕೊಂಡಿರಾ? ಕಾಸಿನ ವಿಷಯದಲ್ಲಿ ಅವನದು ಸೋರುವ ಕೊಡ! ನಾನು ಹೇಳುತ್ತಿರುವುದು ಐದು ಬೆರಳಿರುವ ಆ ಕೈಯ ಬಗ್ಗೆ. ಆ ಕೈಯನ್ನು ಕಂಡರೆ ನನಗಾಗುವುದಿಲ್ಲ. ಮುಂದೆ ಓದುವಾಗ ಇದೊಂದು ನೆನಪಿರಲಿ.

ಷಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಊರು ವೈ.ಎನ್.ಹೊಸಕೋಟೆ. ಕೆಲಸ ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ, ಫಲಕ ತೊಳೆಯುವವರ ಮೇಸ್ತ್ರಿ. ಬಿಸಿಲು ಬೀಳುವ ಕೆಲಸವನ್ನು ಸೂರ್ಯ ನೋಡಿಕೊಳ್ಳುತ್ತಾನೆ, ತೊಳೆಯುವ ಕೆಲಸವನ್ನು ತೊಳೆಯುವವರು. ಇವನಿಗೆ ಉಳಿಯುವುದು ಎರಡು ಕೈ ಮತ್ತು ಇಡೀ ಹಗಲು. ಆ ಹಗಲನ್ನೆಲ್ಲ ಅವನು ಹ್ಯಾಂಡ್ ಗ್ರಿಪ್ಪರ್ ಒತ್ತುತ್ತ ಕಳೆಯುತ್ತಾನೆ. ನೋಡಿರುತ್ತೀರಿ, ಎರಡು ಹಿಡಿ, ನೆತ್ತಿಯ ಮೇಲೊಂದು ಸ್ಪ್ರಿಂಗು, ಒತ್ತಿದರೆ ಕಿರ್ರ್ ಅನ್ನುತ್ತದೆ. ನಮ್ಮ ಅತ್ತೆ ಅದನ್ನು ಇಕ್ಕಳ ಎನ್ನುತ್ತಾರೆ.

ಹೆಣ್ಣು ಕೇಳುವಾಗಲೇ ಈ ಕೈ ಒಂದು ಎಡವಟ್ಟು ಮಾಡಿತ್ತು. ನಡುವೆ ನಿಂತ ದಳ್ಳಾಳಿ ಹೊಗಳುವ ಭರದಲ್ಲಿ, “ಹುಡುಗ ಚಿನ್ನ ಕಣಮ್ಮ, ಕೈ ಮಾತ್ರ ಭಾರಿ ಬಿಗಿ” ಎಂದುಬಿಟ್ಟ. ನಮ್ಮತ್ತೆ ಎದ್ದೇ ನಿಂತರು. “ಜುಗ್ಗನಿಗೆ ನನ್ ಮಗಳ್ನ ಕೊಡಾಕಿಲ್ಲ, ಹೋಗು” ಎಂದರು. ಕೊನೆಗೆ ಹುಡುಗನೇ ಅತ್ತೆಯ ಊರಾದ ಬಡವನಹಳ್ಳಿಗೆ ಬಂದು, ಕೊಟ್ಟ ಕಾಫಿಯನ್ನು ಗಾಬರಿಯಲ್ಲಿ ಕುಡಿದು, ಸ್ಟೀಲಿನ ಲೋಟ ಕೆಳಗಿಟ್ಟಾಗ ಲೋಟದ ಸೊಂಟ ನೆಗ್ಗಿ ಹೋಗಿತ್ತಂತೆ. ಬಿಗಿ ಎಂದರೆ ಯಾವ ಬಿಗಿ ಎಂಬುದು ಆಗ ಎಲ್ಲರಿಗೂ ಅರ್ಥವಾಯಿತು. ಆ ಲೋಟ ಇವತ್ತಿಗೂ ಅತ್ತೆಯ ಮನೆಯಲ್ಲಿದೆ. ನಾನು ಹೋದಾಗ ಕಾಫಿ ಅದರಲ್ಲೇ ಬರುತ್ತದೆ ಅನ್ನುವುದು ಬೇರೆ ಮಾತು.

ನನ್ನ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡದ್ದು ಮಾತ್ರ ಅವನ ಮದುವೆಯ ದಿನ. ನಮ್ಮ ಹೆಂಡತಿಯರ ತವರುಮನೆಯಲ್ಲಿ ಒಂದು ಶಾಸ್ತ್ರವಿದೆ. ಧಾರೆ ಮುಗಿದ ಮೇಲೆ ಹೊಸ ಅಳಿಯನ ಮುಷ್ಟಿಯೊಳಗೆ ಒಂದು ಉಂಡೆ ಅಡಿಕೆ ಇಡುತ್ತಾರೆ. ಹೆಣ್ಣಿನ ಕಡೆಯವರು ಆ ಮುಷ್ಟಿ ಬಿಡಿಸಿ ಅಡಿಕೆ ತೆಗೆಯಬೇಕು. ನನ್ನ ಮದುವೆಯಲ್ಲಿ ನನ್ನ ಹೆಂಡತಿ ಬೆರಳು ಮುಟ್ಟುವ ಮೊದಲೇ ಅಡಿಕೆ ನನ್ನ ಕೈಯಿಂದ ಜಾರಿ, ಉರುಳಿ, ಪುರೋಹಿತರ ಪಂಚೆಯೊಳಗೆ ಸೇರಿಕೊಂಡಿತ್ತು. ಏನು ಮಾಡಲಿ? ನಾನು ಮಧುಗಿರಿಯಲ್ಲಿ ಮಕ್ಕಳಿಗೆ ಪಾಠ ಹೇಳುವವನು. ಸೀಮೆಸುಣ್ಣಕ್ಕಿಂತ ಭಾರದ್ದನ್ನು ಹಿಡಿದವನಲ್ಲ! ನಮ್ಮತ್ತೆ ನನ್ನ ಕಡೆ ನೋಡಿ, “ಪಾಪ, ಮೆತ್ತನೆ ಕೈ” ಎಂದರು.

ಇವನ ಮುಷ್ಟಿಯನ್ನು ಮದುವಣಗಿತ್ತಿ ಎಳೆದಳು, ಆಗಲಿಲ್ಲ. ಅವರ ಚಿಕ್ಕಮ್ಮಂದಿರು ಸೆರಗು ಸಿಕ್ಕಿಸಿಕೊಂಡು ಎಳೆದರು, ಆಗಲಿಲ್ಲ. ಕೊನೆಗೆ ಯಾರು ಹೋದರು ಹೇಳಿ? ನನ್ನ ಹೆಂಡತಿ! ನನ್ನ ಕೈಯನ್ನು ಮುಟ್ಟದೆಯೇ ಗೆದ್ದವಳು ಇವನ ಕೈಗೆ ಎರಡು ಕೈ ಹಾಕಿ, ಒಂದು ಕಾಲನ್ನು ಮಣೆಗೆ ಒದ್ದು ಹಿಡಿದು, ಉಸ್ಸೆಂದು ಕೂತುಬಿಟ್ಟಳು. ಆಗ ನಮ್ಮತ್ತೆ ಚಪ್ಪರಕ್ಕೆಲ್ಲ ಕೇಳುವಂತೆ ಹೇಳಿದರು: “ಇದು ಬುಡೋ ಕೈ ಅಲ್ಲ ಕಣಮ್ಮ! ನನ್ ಮಗಳ್ನ ಇಡ್ಕಂಡ್ರೆ ಬುಡೋ ಕೈಯೇ ಅಲ್ಲ!”

ಅಂದರೆ ಅವರ ದೊಡ್ಡ ಮಗಳನ್ನು ಹಿಡಿದ ಕೈ ಬಿಡುವ ಕೈಯೆ? ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ನಾನೇ ಕೇಳಿಕೊಂಡು, ನಾನೇ ನುಂಗಿಕೊಂಡು, ಊಟಕ್ಕೆ ಕೂತೆ.

ಅಲ್ಲಿಂದ ಮುಂದೆ ಅತ್ತೆಯ ಮನೆಯ ಮುಚ್ಚಳಗಳೆಲ್ಲ ಅವನ ಪಾಲಾದವು. ಉಪ್ಪಿನಕಾಯಿಯ ಜಾಡಿ ನಾನು ತೆಗೆದುಕೊಡುತ್ತೇನೆ ಎಂದರೆ, “ಬ್ಯಾಡಿ, ಚಿಕ್ಕಳಿಯಂದ್ರು ಬರ್ಲಿ” ಎನ್ನುತ್ತಾರೆ. ಅವನು ಬರುತ್ತಾನೆ, ಟಕ್ಕೆಂದು ತೆಗೆಯುತ್ತಾನೆ, ಆಮೇಲೆ ಭದ್ರವಾಗಿ ಮುಚ್ಚುತ್ತಾನೆ. ಅವನು ಮುಚ್ಚಿದ್ದನ್ನು ಮತ್ತೆ ಅವನೇ ತೆಗೆಯಬೇಕು! ಹೀಗಾಗಿ ನಾವು ಬಡವನಹಳ್ಳಿಯಲ್ಲಿ ಉಪ್ಪಿನಕಾಯಿ ತಿನ್ನುವುದು ಹೊಸಕೋಟೆಯ ಬಸ್ಸು ಬಂದ ದಿನ ಮಾತ್ರ.

ಗ್ರಿಪ್ಪರುಗಳನ್ನು ಹೋಲಿಸಿ ನೋಡುವುದು ಅವನ ನಿಜವಾದ ಹುಚ್ಚು. ಪೊಟ್ಟಣದ ಮೇಲೆ ಇಷ್ಟು ಕೇಜಿ ಎಂದು ಬರೆದಿರುತ್ತದಲ್ಲ, ಅದನ್ನು ಅವನು ನಂಬುವುದಿಲ್ಲ. ಗಡಿಯ ಊರಿನವನು, ಮಾತಿನಲ್ಲಿ ತೆಲುಗು ಬೆರೆತಿರುತ್ತದೆ. “ಅದೆಲ್ಲ ಉತ್ತ ಮಾಟಲು ಅಣ್ಣಾ, ಬರೀ ಬಾಯಿಮಾತು. ಚೂಡಣ್ಣಾ, ಇದು ಮೇಕೆ” ಎಂದು ಸ್ಪಂಜಿನ ಹಿಡಿಯದನ್ನು ಎತ್ತಿ ತೋರಿಸುತ್ತಾನೆ. “ಇದು ಹಸ. ಈ ತಿರುಪು ತಿರುಗಿಸೋದು ಐತಲ್ಲ, ಪ್ಲಾಸ್ಟಿಕ್ದು, ಇದು ಒಂದಿನ ಹಸ, ಒಂದಿನ ಮೇಕೆ, ನಂಬಂಗಿಲ್ಲ. ಈ ಅಲ್ಯೂಮಿನಿಯಂ ಹಿಡೀದು ಎಮ್ಮೆ.” ಹಾಲು ಕರೆಯುವಾಗ ಕೆಚ್ಚಲು ಎಷ್ಟು ಗಟ್ಟಿಯೋ ಅದು ಅವನ ತೂಕದ ಲೆಕ್ಕ. ಸ್ಪ್ರಿಂಗು ದಪ್ಪಗಿರುವ ಕರಿಯದೊಂದನ್ನು ಬಟ್ಟೆಯಲ್ಲಿ ಸುತ್ತಿಟ್ಟಿರುತ್ತಾನೆ. ಅದರ ಹೆಸರು ಒದೆಯೋ ಎಮ್ಮೆ.

ಒಮ್ಮೆ ಸಿರಾದ ಆಟದ ಸಾಮಾನಿನ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದ. ಅಲ್ಲಿದ್ದುದನ್ನೆಲ್ಲ ಒತ್ತಿದ, ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿದ, ಒಂದರ ಸ್ಪ್ರಿಂಗು ಸತ್ತೇಹೋಯಿತು. ಅಂಗಡಿಯ ಸಾಬರು ಕನ್ನಡಕ ತೆಗೆದು, “ಭಾಯ್, ತಗೋತೀರೋ, ಇಲ್ಲಾ ಖಾಲಿ ಕಸರತ್ತೋ?” ಎಂದರು. ಇವನು ಸತ್ತದ್ದನ್ನೂ ಸೇರಿಸಿಯೇ ಕೊಂಡ. ಸಾಬರು ಖುಷಿಯಾಗಿ ಅವನ ಕೈ ಕುಲುಕಲು ಹೋಗಿ, “ಯಾ ಅಲ್ಲಾ!” ಎಂದು ಕೈಗೆ ಉಫ್ ಉಫ್ ಎಂದು ಊದುತ್ತ ಒಳಗೆ ಹೋದರು.

ನಾನೂ ಒಂದು ಇಕ್ಕಳ ಕೊಂಡುತಂದೆ. ಗುಟ್ಟಾಗಿ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಒತ್ತಿದೆ. ಹಿಡಿಗಳು ಹತ್ತಿರ ಬರುವ ಬದಲು ನನ್ನ ಹೆಬ್ಬೆರಳಿನ ಬುಡದ ಚರ್ಮವನ್ನು ಕಚ್ಚಿಕೊಂಡವು. ಹೊರಗಿನಿಂದ ಹೆಂಡತಿ, “ರೀ, ಬಚ್ಚಲಲ್ಲಿ ಇಲಿ ಸೇರ್ಕಂಡೈತಾ? ಕಿರ್ ಅಂತೈತೆ!” ಎಂದಳು. ಹೌದು ಎಂದೆ. ಸಂಜೆಗೆ ಅವಳು ಇಲಿಬೋನು ತಂದಿಟ್ಟಳು. ಆ ಇಕ್ಕಳ ಅವನ ಲೆಕ್ಕದಲ್ಲಿ ಮೇಕೆ ಎಂದು ಆಮೇಲೆ ತಿಳಿಯಿತು. ಅದೂ ಮರಿ!

ಹೋದ ವರ್ಷ ನಮ್ಮತ್ತೆಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಮಾತೂ ಸ್ವಲ್ಪ ತೊದಲುತ್ತ ಮರಳಿತು, ಬಲಗೈ ಮಾತ್ರ ಮರಳಲಿಲ್ಲ. ಹಟ್ಟಿಯ ಅಷ್ಟೂ ಕುರಿಗಳನ್ನು ಒಂದೊಂದಾಗಿ ಹಿಡಿದು ನಿಲ್ಲಿಸುತ್ತಿದ್ದ ಕೈ ಮಡಿಲಲ್ಲಿ ಅಂಗಾತ ಬಿದ್ದಿರುತ್ತಿತ್ತು. ಅವರು ಅದನ್ನು ಯಾರದೋ ಕೈ ಎಂಬಂತೆ ನೋಡುತ್ತ ಕೂರುತ್ತಿದ್ದರು. ಬೆರಳು ಮಡಚಿ ಬಿಡಿಸುವುದನ್ನು ದಿನಾ ಮಾಡಿಸಿ, ಇಲ್ಲದಿದ್ದರೆ ಕೈ ಹಾಗೇ ಉಳಿದುಬಿಡುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅತ್ತೆ, “ನಂಗ್ಯಾಕೆ ಇನ್ನ, ಬುಡ್ರಿ” ಎಂದು ಮುಖ ತಿರುಗಿಸಿಬಿಡುತ್ತಿದ್ದರು.

ಷಡ್ಡಕ ಭಾನುವಾರವಾದರೆ ಇಕ್ಕಳದ ಚೀಲ ಹೊತ್ತು ಬರತೊಡಗಿದ. ಇಲ್ಲೂ ಪ್ರದರ್ಶನವೇ ಎಂದು ನನಗೆ ಮೈಯೆಲ್ಲ ಉರಿಯಿತು. ಮೇಕೆಯನ್ನು ಅತ್ತೆಯ ಕೈಗೆ ಕೊಟ್ಟ, ಜಾರಿ ಬಿತ್ತು. ಸಿರಾಕ್ಕೆ ಹೋಗಿ, ಎಲ್ಲಕ್ಕಿಂತ ಸಡಿಲವಾದದ್ದು ಯಾವುದು ಎಂದು ಕೇಳಿದನಂತೆ. ಸಾಬರು, “ಭಾಯ್, ತಬಿಯತ್ ಸರಿ ಇದೆ ತಾನೆ?” ಎಂದರಂತೆ. ಅದೂ ಜಾರಿ ಬಿತ್ತು. ಒಳಗೊಳಗೇ ನನಗೆ ಒಂದಿಷ್ಟು ಸಮಾಧಾನವಾಯಿತು ಎಂದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ!

ಒಂದು ಭಾನುವಾರ ನಾನೂ ಹೆಂಡತಿಯೂ ಹೋದಾಗ ಬೀದಿಗೇ ಅವನ ಕೂಗು ಕೇಳುತ್ತಿತ್ತು. “ಅಬ್ಬಬ್ಬಾ! ಸಾಕು ಬುಡಿ ಅತ್ತೆಮ್ಮಾ! ನನ್ ಕೈಲಾಗಲ್ಲ!” ಹೆಂಡತಿ ಚೀಲ ಹಿಡಿದು ಹಿತ್ತಿಲ ಬಾಗಿಲಿಗೆ ಹೋದಳು. ನಾನು ಕಿಟಕಿಯಿಂದ ಇಣುಕಿದೆ. ಅತ್ತೆ ನಡುಮನೆಯಲ್ಲಿ ಕೂತಿದ್ದರು. ಅವರ ಬಲ ಮುಷ್ಟಿಯೊಳಗೆ ಒಂದು ಉಂಡೆ ಅಡಿಕೆ. ಅವನು ಎರಡು ಕೈಯಲ್ಲೂ ಆ ಮುಷ್ಟಿ ಹಿಡಿದು, ಹಣೆಯ ನರ ಉಬ್ಬಿಸಿ, ಹಲ್ಲು ಕಚ್ಚಿ ಎಳೆಯುತ್ತಿದ್ದ. ಅತ್ತೆ ಸೊಟ್ಟಗಾದ ಬಾಯಲ್ಲೇ ನಗುತ್ತಿದ್ದರು. ಮುಷ್ಟಿ ಎಂದರೆ ಎಂಥ ಮುಷ್ಟಿ? ಬೆರಳು ಅರ್ಧವೂ ಮಡಚಿರಲಿಲ್ಲ. ಅಡಿಕೆ ಜಾರುತ್ತಿದ್ದಂತೆ ಅವನು ಅವರಿಗೆ ಕಾಣದ ಹಾಗೆ ಕಿರುಬೆರಳಿನಿಂದ ಅದನ್ನು ಒಳಕ್ಕೆ ತಳ್ಳಿ, ಮತ್ತೆ “ಅಯ್ಯಯ್ಯಪ್ಪಾ!” ಎಂದು ಕೂಗುತ್ತಿದ್ದ. ಒದೆಯೋ ಎಮ್ಮೆಯನ್ನು ಒಂದೇ ಕೈಯಲ್ಲಿ ಮುಚ್ಚುವವನು!

ಒಳಗೆ ಹೋದೆ. ಅವನು ಬೆವರು ಒರೆಸಿಕೊಂಡು, “ಅಣ್ಣಾ, ನೀನಾದ್ರೂ ನೋಡು, ನಂದಾಗಲಿಲ್ಲ” ಎಂದು ಮುಖ ತೊಳೆಯಲು ಹಿತ್ತಿಲಿಗೆ ಹೋದ. ಅತ್ತೆ, “ಬನ್ನಿ ದೊಡ್ಡಳಿಯಂದ್ರೆ” ಎಂದು ಕೈಯ ಕಡೆ ಕಣ್ಣು ಹಾಯಿಸಿದರು. ಅಳಿಯಂದಿರು ಅತ್ತೆಯ ಕೈ ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಇಷ್ಟು ವರ್ಷದಲ್ಲಿ ನಾನು ಅದನ್ನು ಹಿಡಿದದ್ದು ಅದೇ ಮೊದಲು. ತಣ್ಣಗಿತ್ತು. ನನಗೆ ಬಂದಷ್ಟು ನಟನೆ ಮಾಡಿ, “ಉಸ್ಸಪ್ಪಾ” ಎಂದು ಎಳೆದೆ.

ಅತ್ತೆ ತಲೆಯಾಡಿಸಿದರು. “ನೀವು ನಾಟ್ಕ ಆಡಬ್ಯಾಡಿ” ಎಂದರು, ಮೆಲ್ಲಗೆ, ಒಂದೊಂದೇ ಮಾತು ಹುಡುಕಿಕೊಂಡು. “ಅವ್ರು ಆಡೋದು ನಂಗೊತ್ತು. ಪಾಪ, ಆಡ್ಲಿ. ಅದಕ್ಕೇ ನಾನೂ ಮಡಚ್ತೀನಿ. ನಿಮ್ದು ಮೆತ್ತನೆ ಕೈ. ಬೆಚ್ಚಗೈತೆ. ಸೊಲ್ಪ ಹೊತ್ತು ಇಂಗೇ ಇಟ್ಕಳಿ.”

ಇಟ್ಟುಕೊಂಡೆ. ಅಷ್ಟರಲ್ಲಿ ನನ್ನ ಅಂಗೈಯಲ್ಲಿ ಏನೋ ಮಿಸುಕಿತು. ಅವರ ಹೆಬ್ಬೆರಳು ನನ್ನ ಬೆರಳ ಮೇಲೆ ಬಂದು ಕೂತಿತ್ತು.

ಷಡ್ಡಕ ಮುಖ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲೇ ನಿಂತ. ಆ ಹೆಬ್ಬೆರಳನ್ನು ನೋಡಿದ, ನನ್ನನ್ನು ನೋಡಿದ. ಚೀಲದಿಂದ ಎಮ್ಮೆಯನ್ನು ತೆಗೆದು ಸುಮ್ಮನೆ ಕಿರ್ರ್ ಕಿರ್ರ್ ಎಂದು ಒತ್ತತೊಡಗಿದ. ಹೊಟ್ಟೆಕಿಚ್ಚಿನ ಮುಖ ಹೇಗಿರುತ್ತದೆ ಎಂಬುದು ನನಗೆ ಗೊತ್ತಿಲ್ಲವೆ? ಕೊನೆಗೆ ತಡೆಯಲಾರದೆ, “ಅಣ್ಣಾ, ಇನ್ನ ಬುಡಣ್ಣಾ, ನನ್ ಸರದಿ” ಎಂದ.

ನಾನು ಬಿಡಲಿಲ್ಲ.